ಗುಡಿ ನಿಂತೈತಿ, ಮಂದಿ ಎಲ್ಲಿ?

2013ರ ಜೂನ್ ಮೂರನೇ ವಾರ. ಆ ವಾರ ನಾನು ಮನೆಗೆ ಹೋಗಿ ನೆಟ್ಟಗೆ ನಿದ್ದೆ ಮಾಡಿದ ನೆನಪಿಲ್ಲ. ಸ್ಟುಡಿಯೋದ ಪರದೆ ಮೇಲೆ ಒಂದೇ ದೃಶ್ಯ. ಸುತ್ತ ಬೂದು ಬಣ್ಣದ ಕಲ್ಲು, ಮಣ್ಣು, ಮುರಿದ ಗೋಡೆಗಳು. ನಡುವೆ ಕೇದಾರನಾಥನ ಗುಡಿ ಒಂದೇ ನೆಟ್ಟಗೆ ನಿಂತಿದೆ. ಕೆಳಗೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರ: 'ಕೇದಾರನಾಥನ ಪವಾಡ'. ಆ ಪಟ್ಟಿ ಬರೆಸಿದ್ದು ನಾನೇ. ಅರ್ಧ ಗಂಟೆಗೊಮ್ಮೆ ಅದನ್ನೇ ಓದ್ತಿದ್ದೆ, ಅದನ್ನೇ ತೋರಿಸ್ತಿದ್ದೆ.

ನಡುವೆ ಫೋನ್ ಲೈನ್ ತೆರೆದಿದ್ವಿ. ಕರ್ನಾಟಕದಿಂದ ಚಾರ್ ಧಾಮಕ್ಕೆ ಹೋದವರು ಎಷ್ಟೋ ಮಂದಿ ದಾರಿಯಲ್ಲೇ ಸಿಕ್ಕಿಬಿದ್ದಿದ್ದರು. ನಾನು ಹಾನಗಲ್ ತಾಲ್ಲೂಕಿನವನು ಅಂತ ನಮ್ಮ ಕಡೆಯವರಿಗೆ ಗೊತ್ತು. ಹಾಗಾಗಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಕರೆಗಳು ಸ್ವಲ್ಪ ಜಾಸ್ತಿನೇ ಬರ್ತಿದ್ವು. ಅದರಲ್ಲೊಂದು ಕರೆ ಇವತ್ತಿಗೂ ಕಿವಿಯಲ್ಲಿದೆ. ಹಿರೇಕೆರೂರು ಕಡೆಯ ಹಿರಿಯರೊಬ್ಬರು. ಅವರ ಅಣ್ಣ, ಅತ್ತಿಗೆ ಕೇದಾರಕ್ಕೆ ಹೋಗಿದ್ದರು, ಐದು ದಿನದಿಂದ ಸುದ್ದಿಯಿಲ್ಲ. ಆ ಹಿರಿಯರು ಅಳಲಿಲ್ಲ, ಬೈಯಲಿಲ್ಲ. ತಣ್ಣಗೆ ಇಷ್ಟೇ ಕೇಳಿದರು:

"ಗುಡಿ ನಿಂತೈತಿ, ಗುಡಿ ನಿಂತೈತಿ ಅಂತ ಮುಂಜಾನಿಂದ ತೋರಸಾಕತ್ತೀರಿ. ನಿಂತೈತಿ, ಸಂತೋಷ. ಮಂದಿ ಎಲ್ಲಿ ಅದಾರ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾವು ಟಿವಿಯವರು ಏನು ಮಾಡ್ತೀವಿ? "ಒಂದು ಸಣ್ಣ ವಿರಾಮ" ಅಂತೀವಿ. ಅವತ್ತು ನಾನೂ ಅದನ್ನೇ ಮಾಡಿದೆ. ಆ ವಿರಾಮ ಮುಗಿಸಿ ಉತ್ತರ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಮೊದಲು ಅಲ್ಲಿ ಏನಾಯ್ತು ಅನ್ನೋದನ್ನ ಸರಿಯಾಗಿ ನೆನಪು ಮಾಡಿಕೊಳ್ಳೋಣ. ಆ ವರ್ಷ ಮುಂಗಾರು ಅವಸರ ಮಾಡಿತು. ಸಾಮಾನ್ಯವಾಗಿ ಜುಲೈ ಹೊತ್ತಿಗೆ ಇಡೀ ದೇಶವನ್ನು ಆವರಿಸಬೇಕಾದ ಮಳೆ ಜೂನ್ 16ಕ್ಕೇ ಆವರಿಸಿಬಿಟ್ಟಿತ್ತು. ಬೆಟ್ಟದ ಮೇಲೆ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಹಿಮದ ಮೇಲೆ ಮಳೆ ಸುರಿದರೆ ಎರಡೂ ಸೇರಿ ನೀರಾಗಿ ಇಳಿಯುತ್ತೆ. ಕೇದಾರದ ಮೇಲ್ಭಾಗದ ಚೋರಾಬಾರಿ ಹಿಮನದಿಯ ಹತ್ತಿರ ವಾಡಿಯಾ ಸಂಸ್ಥೆಯವರ ಮಳೆ ಮಾಪಕ ಇತ್ತು. ಒಂದೇ ದಿನದಲ್ಲಿ ಅದು ಅಳೆದ ಮಳೆ 300 ಮಿಲಿಮೀಟರ್‌ಗೂ ಹೆಚ್ಚು. ಅಷ್ಟು ಮಳೆ ನಮ್ಮ ಬಯಲುಸೀಮೆಯಲ್ಲಿ ಬಿದ್ದರೇ ಊರು ಮುಳುಗುತ್ತೆ. ಅಲ್ಲಿ ಬಿದ್ದದ್ದು ಕಡಿದಾದ ಬೆಟ್ಟದ ಮೇಲೆ.

16ರ ಸಂಜೆ ಮೊದಲ ಪ್ರವಾಹ ಬಂತು. ಬೆಟ್ಟದ ಮಣ್ಣು, ಕಲ್ಲು ಕಿತ್ತುಕೊಂಡು ಊರಿನೊಳಗೆ ನುಗ್ಗಿತು. ಬದುಕುಳಿದವರು ರಾತ್ರಿ ಹೇಗೋ ಕಳೆದು, "ಆಯ್ತು, ಮುಗೀತು" ಅಂದುಕೊಂಡರು. ಮುಗಿದಿರಲಿಲ್ಲ. 17ರ ಬೆಳಿಗ್ಗೆ ಏಳು ಗಂಟೆ ಆಸುಪಾಸಿಗೆ ಚೋರಾಬಾರಿ ಸರೋವರದ ದಂಡೆ ಒಡೆಯಿತು. ಗಾಂಧೀಜಿಯವರ ಚಿತಾಭಸ್ಮವನ್ನು ಬಿಟ್ಟಿದ್ದರಿಂದ ಗಾಂಧಿ ಸರೋವರ ಅಂತಲೂ ಅದಕ್ಕೆ ಹೆಸರಿದೆ. ಹಿಮನದಿ ತಳ್ಳಿಕೊಂಡು ಬಂದ ಸಡಿಲ ಕಲ್ಲುಮಣ್ಣಿನ ದಿಬ್ಬವೇ ಅದಕ್ಕೆ ಏರಿ. ಮನುಷ್ಯ ಕಟ್ಟಿದ ಏರಿಯಲ್ಲ, ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ. ತುಂಬಿತು, ಒಡೆಯಿತು. ಕೆಲವೇ ನಿಮಿಷದಲ್ಲಿ ಕೆರೆಯ ನೀರಷ್ಟೂ ಕೇದಾರದ ಮೇಲೆ. ಕೆಳಗಿನ ರಾಮಬಾಡಾ ಅನ್ನೋ ತಂಗುದಾಣದ ಗುರುತೂ ಉಳಿಯಲಿಲ್ಲ. ಗೌರಿಕುಂಡದ ಅರ್ಧ ಹೋಯ್ತು.

ಸೇನೆ, ವಾಯುಪಡೆ, ಗಡಿ ಪೊಲೀಸರು ಸೇರಿ ಇಡೀ ಉತ್ತರಾಖಂಡದಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊರಗೆ ತಂದರು. ಆ ಕೆಲಸದಲ್ಲೇ ಜೂನ್ 25ರಂದು ಒಂದು ಹೆಲಿಕಾಪ್ಟರ್ ಬಿದ್ದು 20 ಯೋಧರು ಪ್ರಾಣ ಬಿಟ್ಟರು. ಒಂದು ತಿಂಗಳ ನಂತರ ಅಲ್ಲಿನ ಸರ್ಕಾರ, ಕಾಣೆಯಾದ 5,700ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಂತಲೇ ಭಾವಿಸಬೇಕು ಅಂದಿತು. ವರ್ಷಗಳ ನಂತರವೂ ಆ ಬೆಟ್ಟದಲ್ಲಿ ಅಸ್ಥಿಪಂಜರ ಸಿಗ್ತಾನೇ ಇದ್ವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ದುರಂತಕ್ಕೆ ಎರಡು ತಿಂಗಳ ಮುಂಚೆ, 2013ರ ಏಪ್ರಿಲ್‌ನಲ್ಲಿ, ಸಿಎಜಿ ವರದಿ ಬಂದಿತ್ತು. ಉತ್ತರಾಖಂಡದ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲೇ ಹುಟ್ಟಿದ್ದರೂ ಒಂದೇ ಒಂದು ಸಭೆಯನ್ನೂ ನಡೆಸಿಲ್ಲ ಅಂತ ಆ ವರದಿ ಹೇಳಿತ್ತು. ಆ ಸುದ್ದಿಯನ್ನು ನಾವು ಯಾರಾದರೂ ದೊಡ್ಡದಾಗಿ ತೋರಿಸಿದ್ವಾ? ಇಲ್ಲ. ಅದರಲ್ಲಿ ದೃಶ್ಯ ಇರಲಿಲ್ಲ ನೋಡಿ.

ಈಗ ಪವಾಡದ ಮಾತಿಗೆ ಬರೋಣ. ಗುಡಿಯ ಹಿಂದೆ ಬಂದು ನಿಂತ ದೊಡ್ಡ ಬಂಡೆ ನೀರನ್ನು ಎರಡು ಸೀಳು ಮಾಡಿತು. ಜನ ಅದಕ್ಕೆ ಭೀಮಶಿಲಾ ಅಂತ ಹೆಸರಿಟ್ಟು ಕೈ ಮುಗೀತಾರೆ. ನಾನೂ ಮುಗಿದಿದ್ದೀನಿ. ಭಕ್ತರ ನಂಬಿಕೆಯನ್ನು ಕೆಣಕೋದು ನನ್ನ ಕೆಲಸವಲ್ಲ. ಆದರೆ ನಂಬಿಕೆ ಜೊತೆಗೆ ಒಂದು ಲೆಕ್ಕವೂ ಇದೆ, ಅದನ್ನೂ ಕೇಳಿ. ಆ ಗುಡಿ ಕಟ್ಟಿದವರು ಎತ್ತರದ ಜಗತಿ ಹಾಕಿದ್ದರು. ದಪ್ಪ ದಪ್ಪ ಕಲ್ಲಿನ ಗೋಡೆ, ಒಂದಕ್ಕೊಂದು ಕಚ್ಚಿಸಿದ ಕಲ್ಲು. ಆಮೇಲೆ ಪುರಾತತ್ವ ಇಲಾಖೆ ಪರವಾಗಿ ಐಐಟಿ ಮದ್ರಾಸಿನ ತಜ್ಞರು ಹೋಗಿ ಪರೀಕ್ಷೆ ಮಾಡಿದರು. ಅಡಿಪಾಯ ಗಟ್ಟಿಯಾಗಿದೆ ಅಂತಲೇ ಹೇಳಿದರು.

ಹಾಗಾದರೆ ಕೊಚ್ಚಿಹೋದದ್ದು ಏನು? ಗುಡಿಯ ಸುತ್ತ ಇತ್ತೀಚಿನ ದಶಕಗಳಲ್ಲಿ ಎದ್ದ ಲಾಡ್ಜು, ಅಂಗಡಿ, ಧರ್ಮಶಾಲೆಗಳು. ಅದರಲ್ಲಿ ಎಷ್ಟೋ ಕಟ್ಟಡಗಳು ನಿಂತಿದ್ದದ್ದು ಮಂದಾಕಿನಿಯ ಹಳೆಯ ಪಾತ್ರದಲ್ಲಿ. ನದಿ ಯಾವುದೋ ಕಾಲದಲ್ಲಿ ಪಕ್ಕಕ್ಕೆ ಸರಿದು ಹರಿಯುತ್ತಿತ್ತು. ಒಣಗಿದ ಪಾತ್ರ ನೋಡಿ ಮನುಷ್ಯ, "ಖಾಲಿ ಜಾಗ ಐತಿ" ಅಂದ. 2013ರಲ್ಲಿ ನದಿ ವಾಪಸ್ ಬಂತು. ನಾವು ಮರೆತ ದಾರಿಯನ್ನು ನೀರು ಮರೆತಿರಲಿಲ್ಲ.

"ಹಿಮಾಲಯದ ಕಥೆ ಹಾವೇರಿ ಜಿಲ್ಲೆಯವರಿಗೆ ಯಾಕೆ?" ಅಂತ ನೀವು ಕೇಳಬಹುದು. ಕೇದಾರ ನಮಗೆ ದೂರದ ಊರಲ್ಲ ಸ್ವಾಮಿ. ವೀರಶೈವ ಪಂಚಪೀಠಗಳು ಯಾವುವು? ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ. ಕೇದಾರ ಪೀಠದ ಗುರುಗಳನ್ನು ಅಲ್ಲಿ ರಾವಲ್ ಅಂತಾರೆ. ರಾವಲರು ತಾವೇ ಪೂಜೆಗೆ ಕೂರುವುದಿಲ್ಲ, ಅವರ ಅಪ್ಪಣೆಯಂತೆ ಅರ್ಚಕರು ಪೂಜೆ ಮಾಡ್ತಾರೆ. ಆ ಅರ್ಚಕರು ತಲೆತಲಾಂತರದಿಂದ ಹೋಗ್ತಿರೋದು ದಕ್ಷಿಣದಿಂದ, ಮುಖ್ಯವಾಗಿ ನಮ್ಮ ಕರ್ನಾಟಕದಿಂದ. ಹನ್ನೊಂದು ಸಾವಿರ ಅಡಿಗೂ ಎತ್ತರದ ಹಿಮದ ಊರಿನಲ್ಲಿ, ಗರ್ಭಗುಡಿಯ ಬಾಗಿಲಲ್ಲಿ ನಿಂತವರ ಮನೆಮಾತು ಕನ್ನಡ! ದೀಪಾವಳಿ ಮುಗಿದ ಮೇಲೆ ಗುಡಿ ಮುಚ್ಚಿ, ಉತ್ಸವಮೂರ್ತಿ ಊಖೀಮಠಕ್ಕೆ ಇಳಿಯುತ್ತೆ. ಶಿವರಾತ್ರಿ ದಿನ ಅಲ್ಲೇ, ಬಾಗಿಲು ತೆರೆಯೋ ದಿನಾಂಕ ಘೋಷಣೆಯಾಗುತ್ತೆ.

ಇನ್ನೂ ಹತ್ತಿರದ ನಂಟು ಹೇಳಲಾ? ಹಿರೇಕೆರೂರು ತಾಲ್ಲೂಕಿನ ಗಡಿ ದಾಟಿದರೆ ಶಿಕಾರಿಪುರ ತಾಲ್ಲೂಕು. ಅಲ್ಲಿ ಬಳ್ಳಿಗಾವಿ ಇದೆ. ಅಲ್ಲಿನ ಕೇದಾರೇಶ್ವರ ಗುಡಿ ನಿಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೀರಿ. ಮೂರು ಗರ್ಭಗುಡಿಯ ತ್ರಿಕೂಟ, ಇವತ್ತಿಗೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಶಾಸನಗಳಲ್ಲಿ ಆ ದೇವರ ಹೆಸರು ದಕ್ಷಿಣ ಕೇದಾರೇಶ್ವರ. ಅಂದ್ರೆ ಒಂಬೈನೂರು ವರ್ಷದ ಹಿಂದೆಯೇ ನಮ್ಮ ಜನ ಹಿಮಾಲಯದ ಕೇದಾರವನ್ನು ತಮ್ಮ ಹೊಲದ ಬದಿಗೆ ಕರೆಸಿಕೊಂಡಿದ್ದರು. ಆಗ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ದೊಡ್ಡ ಪಟ್ಟಣ. ನಮ್ಮ ಹಾನಗಲ್ಲು ಪಾನುಂಗಲ್ ಐನೂರರ ರಾಜಧಾನಿ. ತಾರಕೇಶ್ವರ ಗುಡಿಯ ಆ ಕಮಲದ ಛತ್ತು ಕೆತ್ತಿದ ಕೈಗಳೂ ಇದೇ ಸೀಮೆಯವು.

ಬಳ್ಳಿಗಾವಿಯ ಆ ಕೇದಾರೇಶ್ವರಕ್ಕೆ ಸೇರಿದ ಮಠದ ಹೆಸರು ಕೋಡಿಯಮಠ. ಕಾಳಾಮುಖ ಶೈವ ಗುರುಗಳ ಮಠ. ಕಳಚೂರಿ ಬಿಜ್ಜಳನ ಕಾಲದ, 1162ರ ಒಂದು ಶಾಸನ ಅಲ್ಲಿದೆ. ಕೇದಾರ ಅನ್ನೋ ಕ್ಷೇತ್ರ ಅಂದ್ರೆ ಏನು ಅಂತ ಆ ಶಾಸನ ಹೇಳುತ್ತೆ. ನಾನು ಅದರ ಸಾರ ಹೇಳ್ತೀನಿ, ಕೇಳಿ. ಅಲ್ಲಿ ವೇದ ಓದಿಸ್ತಿದ್ದರು, ಪಾಣಿನಿ, ಶಾಕಟಾಯನರ ವ್ಯಾಕರಣ ಕಲಿಸ್ತಿದ್ದರು, ಬೇರೆ ಬೇರೆ ದರ್ಶನಗಳ ಚರ್ಚೆ ನಡೀತಿತ್ತು. ಸರಿ, ಇದು ದೊಡ್ಡ ಮಠಗಳಲ್ಲಿ ಇರೋದೇ. ಮುಂದಿನದು ನೋಡಿ. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ ಅಲ್ಲಿ ದಿನಾ ಅನ್ನ. ಅನಾಥ ರೋಗಿಗಳಿಗೆ ಅಲ್ಲಿ ಔಷಧ. ಕೊನೆಗೆ, ಸಕಲ ಜೀವಿಗಳಿಗೂ ಅಲ್ಲಿ ಅಭಯ.

ಅನ್ನ, ಔಷಧ, ಅಭಯ. ಈ ಮೂರು ಮಾತು ನೆನಪಿಟ್ಟುಕೊಳ್ಳಿ. 1162ರಲ್ಲಿ ಕಲ್ಲಿನಲ್ಲಿ ಕೆತ್ತಿಸುವಾಗ ಅವರು ಗೋಪುರದ ಎತ್ತರವನ್ನಷ್ಟೇ ಹೇಳಿಕೊಳ್ಳಲಿಲ್ಲ. ಬಂದವನ ಜೀವ ಇಲ್ಲಿ ಉಳಿಯುತ್ತೆ ಅಂತ ಬರೆಸಿದರು. ಹಿರೇಕೆರೂರಿನ ಆ ಹಿರಿಯರು ಫೋನಿನಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ? ಗುಡಿ ಐತಿ, ಅಭಯ ಎಲ್ಲೈತಿ?

ಇನ್ನು ಆ ಮಠದ ಹೆಸರು. ಕೋಡಿ ಅಂದ್ರೆ ಏನು ಅಂತ ಕೆರೆಯ ಸೀಮೆಯವರಿಗೆ ನಾನು ಹೇಳಿಕೊಡಬೇಕಾ? ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋ ದಾರಿ. ನಮ್ಮೂರಿನಲ್ಲಿ ಕೆರೆ ಕೋಡಿ ಬಿತ್ತು ಅಂದ್ರೆ ಹಬ್ಬ. ಹೆಣ್ಮಕ್ಕಳು ಬಾಗಿನ ತಗೊಂಡು ಹೋಗ್ತಿದ್ರು. ಆದ್ರೆ ಕೋಡಿ ಹಳ್ಳದಲ್ಲಿ ಯಾರೂ ಗುಡಿಸಲು ಹಾಕ್ತಿರಲಿಲ್ಲ. ಹತ್ತು ವರ್ಷ ನೀರು ಬರದಿದ್ದರೂ ಹಾಕ್ತಿರಲಿಲ್ಲ. ನಾನು ಹುಡುಗನಿದ್ದಾಗ ಒಬ್ಬರು ಅಲ್ಲಿ ದನದ ಕೊಟ್ಟಿಗೆ ಕಟ್ಟೋಕೆ ಹೋದರು. ಊರ ಹಿರಿಯರು ಹೋಗಿ, "ಅದು ನೀರಿನ ಜಾಗ, ನಿನ್ನ ಜಾಗ ಅಲ್ಲ" ಅಂತ ಕೀಳಿಸಿದರು. ಅವರು ಯಾವ ಕಾನೂನನ್ನೂ ಓದಿದವರಲ್ಲ. ಕೆರೆ ಕಟ್ಟಬೇಕಾದರೆ ಏರಿ ಎಷ್ಟು ಮುಖ್ಯವೋ ಕೋಡಿ ಅಷ್ಟೇ ಮುಖ್ಯ ಅನ್ನೋದು ಅವರಿಗೆ ಗೊತ್ತಿತ್ತು. ಕೇದಾರದಲ್ಲಿ ನಾವು ಮಾಡಿದ್ದು ಕೋಡಿ ಹಳ್ಳದಲ್ಲಿ ಲಾಡ್ಜ್ ಕಟ್ಟಿದ ಕೆಲಸ.

ಸರಿ, ದುರಂತ ಆದ ಮೇಲೆ ಮತ್ತೆ ಹೇಗೆ ಕಟ್ಟಿದರು? ಇದನ್ನು ಮೆಚ್ಚಲೇಬೇಕು. ಜೂನ್ 17ಕ್ಕೆ ನಿಂತುಹೋದ ಪೂಜೆ 86 ದಿನಗಳ ನಂತರ, ಸೆಪ್ಟೆಂಬರ್ 11ಕ್ಕೆ ಮತ್ತೆ ಶುರುವಾಯ್ತು. ಆಮೇಲೆ ದಾರಿ. ಗೌರಿಕುಂಡದಿಂದ ರಾಮಬಾಡಾ ಮೂಲಕ ಹೋಗ್ತಿದ್ದ ಹಳೆಯ 14 ಕಿಲೋಮೀಟರ್ ಕಾಲುದಾರಿ ಕೊಚ್ಚಿಹೋಗಿತ್ತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯವರು, ಕರ್ನಲ್ ಅಜಯ್ ಕೋಠಿಯಾಲ್ ಅವರ ಮುಂದಾಳತ್ವದಲ್ಲಿ, ಆ ಕೆಲಸಕ್ಕೆ ಕೈ ಹಾಕಿದರು. ಅವರು ಹಳೆಯ ದಾರಿಗೇ ತೇಪೆ ಹಚ್ಚಲಿಲ್ಲ. ರಾಮಬಾಡಾದಲ್ಲಿ ಮಂದಾಕಿನಿ ದಾಟಿ, ಎದುರು ದಂಡೆಯ ಮೇಲೆ ಲಿಂಚೋಲಿ ಕಡೆಯಿಂದ ಹೊಸ ದಾರಿ ತೆಗೆದರು. ಎರಡು ಕಿಲೋಮೀಟರ್ ಉದ್ದವಾಯ್ತು, ಆಗಲಿ. ಹಿಮ ಬೀಳುವ ಚಳಿಗಾಲದಲ್ಲೂ ಅಲ್ಲೇ ಉಳಿದು ಕೆಲಸ ಮಾಡಿದರು. ದೊಡ್ಡ ಯಂತ್ರಗಳನ್ನು ವಾಯುಪಡೆಯ ಎಂಐ-26 ಹೆಲಿಕಾಪ್ಟರ್ ಹೊತ್ತು ತಂದು ಇಳಿಸಿತು. ಮಣ್ಣು ಹೊತ್ತ ಕೂಲಿಗಳ ಹೆಸರು ಯಾವ ಫಲಕದಲ್ಲೂ ಇಲ್ಲ, ಆದರೆ ಇವತ್ತು ಅಲ್ಲಿ ನಡೆಯುವ ಪ್ರತಿ ಹೆಜ್ಜೆಯೂ ಅವರದೇ ಬೆವರಿನ ಮೇಲೆ.

2017ರ ಅಕ್ಟೋಬರ್ 20ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಐದು ದೊಡ್ಡ ಕಾಮಗಾರಿಗಳಿಗೆ ಅಡಿಗಲ್ಲು ಹಾಕಿದರು. ಮಂದಾಕಿನಿ, ಸರಸ್ವತಿ ದಂಡೆಗಳಿಗೆ ತಡೆಗೋಡೆ, ಘಾಟು, ತೀರ್ಥಪುರೋಹಿತರಿಗೆ ಮನೆಗಳು, ಗುಡಿಯ ಮುಂದೆ ಅಗಲವಾದ ದಾರಿ. ಪ್ರವಾಹದಲ್ಲಿ ಆದಿ ಶಂಕರರ ಸಮಾಧಿ ಕೊಚ್ಚಿಹೋಗಿತ್ತು. ಅದನ್ನೂ ಮತ್ತೆ ಕಟ್ಟಿದರು. 2021ರ ನವೆಂಬರ್ 5ರಂದು ಅಲ್ಲಿ ಶಂಕರರ 12 ಅಡಿ ಎತ್ತರದ ಮೂರ್ತಿ ಅನಾವರಣವಾಯ್ತು. ಕೆತ್ತಿದವರು ಯಾರು? ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಆಮೇಲೆ ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಅದೇ ಕೈ. ಪೂಜೆಗೂ ಕನ್ನಡದ ಕೈ, ಮೂರ್ತಿಗೂ ಕನ್ನಡದ ಕೈ. ಅವತ್ತು ನಾನು ಸ್ಟುಡಿಯೋದಲ್ಲಿ ಎದೆ ಉಬ್ಬಿಸಿಕೊಂಡೇ ಮಾತಾಡಿದೆ, ಅದರಲ್ಲಿ ಮುಚ್ಚುಮರೆಯಿಲ್ಲ.

ಆದರೆ ಮನೆಗೆ ಹೋಗುವಾಗ ಕಾರಿನಲ್ಲಿ ಆ ಹಳೆಯ ಪ್ರಶ್ನೆ ಮತ್ತೆ ಬಂತು. ಮಂದಿ ಎಲ್ಲಿ ಅದಾರ್ರೀ?

ಗುಪ್ತಕಾಶಿ ಹತ್ತಿರ ದೇವಲಿ-ಭಣಿಗ್ರಾಮ ಅಂತ ಊರಿದೆ. ಆ ಊರಿನ ಗಂಡಸರು, ಹುಡುಗರು ಯಾತ್ರೆಯ ಕಾಲದಲ್ಲಿ ಕೇದಾರಕ್ಕೆ ಹೋಗಿ ಪುರೋಹಿತಿಕೆ, ಅಂಗಡಿ ಅಂತ ದುಡಿಯುತ್ತಿದ್ದರು. 2013ರಲ್ಲಿ ಎಷ್ಟೊಂದು ಮಂದಿ ವಾಪಸ್ ಬರಲಿಲ್ಲ ಅಂದ್ರೆ, ಆ ಊರನ್ನು ಪತ್ರಿಕೆಗಳು ವಿಧವೆಯರ ಊರು ಅಂತ ಕರೆದವು. ಕೇದಾರದ ಘಾಟು ಕಟ್ಟಿದಷ್ಟು ಸಲೀಸಾಗಿ ಆ ಊರಿನ ಮನೆಗಳನ್ನು ಕಟ್ಟೋಕಾಗುತ್ತಾ? ಪುನರ್ನಿರ್ಮಾಣದ ಉದ್ಘಾಟನೆಗಳಲ್ಲಿ ಆ ಹೆಣ್ಮಕ್ಕಳ ಕಡೆ ನಮ್ಮ ಕ್ಯಾಮೆರಾ ಎಷ್ಟು ಹೊತ್ತು ತಿರುಗಿತು? ನಾನು ಬೇರೆ ಚಾನೆಲ್ಲಿನವರನ್ನು ಕೇಳ್ತಿಲ್ಲ, ನನ್ನನ್ನೇ ಕೇಳಿಕೊಳ್ತಿದ್ದೀನಿ.

ಈಗ ಜನದಟ್ಟಣೆಯ ಲೆಕ್ಕ. ದುರಂತದ ಹಿಂದಿನ ವರ್ಷ ಕೇದಾರಕ್ಕೆ ಹೋದವರು ಆರು ಲಕ್ಷದೊಳಗೆ. 2014ರಲ್ಲಿ ಭಯಕ್ಕೆ ಬರೀ 40 ಸಾವಿರದಷ್ಟು. 2019ಕ್ಕೆ 10 ಲಕ್ಷ. 2023ರಲ್ಲಿ 19 ಲಕ್ಷ ದಾಟಿತು! ಗುಡಿ ತೆರೆದಿರೋದು ವರ್ಷಕ್ಕೆ ಆರು ತಿಂಗಳು. ಅಂದ್ರೆ ಸರಾಸರಿ ದಿನಕ್ಕೆ ಹತ್ತು ಸಾವಿರ ಜನ, ಒಂದು ಇಕ್ಕಟ್ಟಾದ ಕಣಿವೆಯೊಳಗೆ, ಒಂದೇ ದಾರಿಯಲ್ಲಿ. 2024ರ ಜುಲೈ 31ರ ರಾತ್ರಿ ಮೇಘಸ್ಫೋಟವಾಗಿ, ಹೊಸದಾಗಿ ಕಟ್ಟಿದ ಆ ದಾರಿ ಲಿಂಚೋಲಿ, ಭೀಮಬಲಿ ಹತ್ತಿರ ಹಲವು ಕಡೆ ಕಿತ್ತುಹೋಯ್ತು. ಸಾವಿರಾರು ಜನ ಸಿಕ್ಕಿಬಿದ್ದರು, ಮತ್ತೆ ಹೆಲಿಕಾಪ್ಟರ್ ಬಂತು. ಹನ್ನೊಂದು ವರ್ಷದ ಹಿಂದೆ ಇಷ್ಟು ಬೇಗ ರಕ್ಷಣೆ ಸಿಕ್ಕಿರಲಿಲ್ಲ, ಒಪ್ಪೋಣ. ಅದು ಕಲಿತ ಪಾಠ. ಆದರೆ ಬೆಟ್ಟ ತನ್ನ ಸ್ವಭಾವ ಬಿಟ್ಟಿಲ್ಲ ಅನ್ನೋದೂ ಅಷ್ಟೇ ನಿಜ.

2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ವೆಚ್ಚ 4,081 ಕೋಟಿ ರೂಪಾಯಿ. ಎಂಟು ಒಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುತ್ತಂತೆ. ಮಂಡಿ ನೋವಿರೋ ನಮ್ಮ ತಾಯಂದಿರಿಗೆ ಇದು ದೊಡ್ಡ ಉಪಕಾರ. ನಾನು ಬೇಡ ಅನ್ನಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಮೇಲೆ ಹೋಗೋಕೆ 36 ನಿಮಿಷ, ಸರಿ. ಒಂದೇ ದಿನ ಮೇಲೆ ಎಷ್ಟು ಜನ ಇರಬಹುದು ಅನ್ನೋ ಮಿತಿ ಎಷ್ಟು? ಅದನ್ನು ಪಾಲಿಸೋರು ಯಾರು? ಬೆಳಿಗ್ಗೆ ಏಳಕ್ಕೆ ಮೇಲೆ ಕೆರೆ ಒಡೆದರೆ ಕೆಳಗಿನವರಿಗೆ ಹೇಳೋರು ಯಾರು? ಏರಿ ಎತ್ತರ ಮಾಡ್ತಿದ್ದೀವಿ. ಕೋಡಿ ಎಲ್ಲಿ ಬಿಟ್ಟಿದ್ದೀವಿ?

2025ರ ಆಗಸ್ಟ್ 5ರಂದು ಗಂಗೋತ್ರಿ ದಾರಿಯ ಧರಾಲಿಯಲ್ಲಿ ಏನಾಯ್ತು ನೋಡಿದ್ರಲ್ಲ? ಹಿಂದೆ ಯಾವತ್ತೋ ಹಳ್ಳವೇ ತಂದು ಹಾಕಿದ ಮಣ್ಣಿನ ದಿಬ್ಬದ ಮೇಲೆ ಹೋಟೆಲುಗಳು. ಅದೇ ಹಳ್ಳ ಮತ್ತೆ ಬಂತು. ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಊರು ಬೇರೆ, ವರ್ಷ ಬೇರೆ, ತಪ್ಪು ಮಾತ್ರ ಅದೇ.

ಅಷ್ಟು ದೂರ ಯಾಕೆ? 2020ರ ಆಗಸ್ಟ್‌ನಲ್ಲಿ ನಮ್ಮ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಕಾವೇರಮ್ಮನ ಪೂಜೆ ಮಾಡ್ತಿದ್ದ ಅರ್ಚಕರ ಮನೆಯೇ ಮಣ್ಣಿನಡಿ ಹೋಯ್ತು, ಐದು ಜೀವ ಹೋಯ್ತು. ಅಲ್ಲಿಯೂ ಗುಡಿ ನಿಂತಿತ್ತು. ಅಲ್ಲಿಯೂ ನಾವು ಮೊದಲು ತೋರಿಸಿದ್ದು ಗುಡಿಯನ್ನೇ.

ಹಾಗಾದರೆ ಸರಿಯಾಗಿ ಮತ್ತೆ ಕಟ್ಟೋದು ಅಂದ್ರೆ ಹೇಗೆ? ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಸ್ವಿಟ್ಜರ್ಲೆಂಡಿನಲ್ಲಿಲ್ಲ. ಹಳೆಯ ಹಿರೇಕೆರೂರು ತಾಲ್ಲೂಕಿನಲ್ಲೇ ಇದೆ. ಮದಗ-ಮಾಸೂರು ಕೆರೆ. ಕುಮುದ್ವತಿ ನದಿ ಗುಡ್ಡಗಳ ಸಂದಿಯಿಂದ ಹೊರಬರೋ ಜಾಗದಲ್ಲಿ ವಿಜಯನಗರದ ಕಾಲದವರು ಅಡ್ಡಲಾಗಿ ಏರಿ ಹಾಕಿದ್ದರು. ಗುಡ್ಡದಷ್ಟೇ ದೊಡ್ಡ ಏರಿ, ಮೈಲಿಗಟ್ಟಲೆ ನೀರು. ಯಾವುದೋ ಕಾಲದಲ್ಲಿ ಅದು ಒಡೆಯಿತು. 19ನೇ ಶತಮಾನದಲ್ಲಿ ಬ್ರಿಟಿಷ್ ಆಡಳಿತದ ಎಂಜಿನಿಯರುಗಳು ಅದನ್ನು ದುರಸ್ತಿ ಮಾಡಿದರು. ಆದರೆ ಮೊದಲಿನಷ್ಟು ಎತ್ತರಕ್ಕೆ ನೀರು ನಿಲ್ಲಿಸಲಿಲ್ಲ. ಹಳೆಯ ಕೆರೆಯ ಎದುರು ಇವತ್ತಿನದು ಸಣ್ಣದು. ಅಲ್ಲಿಗೆ ಹೋದರೆ ಹಳೆಯ ಏರಿಯ ದೊಡ್ಡಸ್ತಿಕೆ, ಹೊಸ ಕೆರೆಯ ಮಿತಿ ಎರಡೂ ಕಣ್ಣಿಗೆ ಕಾಣುತ್ತೆ. ಸಣ್ಣದಾದರೂ ಕೆರೆ ಉಳಿದಿದೆ, ಹೊಲಕ್ಕೆ ನೀರು ಕೊಡುತ್ತಿದೆ. ಮತ್ತೆ ಕಟ್ಟೋದು ಅಂದ್ರೆ ಮೊದಲಿಗಿಂತ ದೊಡ್ಡದಾಗಿ ಕಟ್ಟೋದು ಅಂತ ಅರ್ಥ ಅಲ್ಲ. ಕೆಲವು ಸಲ ಚಿಕ್ಕದಾಗಿ ಕಟ್ಟೋದೇ ಬುದ್ಧಿವಂತಿಕೆ.

ಈ ಪಾಠ ನಮ್ಮ ನಾಲ್ಕು ತಾಲ್ಲೂಕಿಗೂ ಬೇಕು. 2019ರ ಆಗಸ್ಟ್ ಮರೆತಿದ್ದೀರಾ? ವರದಾ, ಧರ್ಮಾ ಎರಡೂ ಉಕ್ಕಿದ್ವು. ಹಾನಗಲ್, ಸವಣೂರು ಕಡೆ ದಂಡೆಯ ಊರುಗಳಿಗೆ ನೀರು ನುಗ್ಗಿತು, ಮಣ್ಣಿನ ಗೋಡೆಯ ಮನೆಗಳು ಕುಸಿದು ಕೂತವು. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದ್ರು. ನೀರು ಇಳಿದ ಮೇಲೆ ಎಷ್ಟೋ ಮಂದಿ ಅದೇ ಜಾಗದಲ್ಲಿ, ಅದೇ ಗೋಡೆ ಮತ್ತೆ ಎಬ್ಬಿಸಿದರು. ಪಾಪ, ಅವರ ತಪ್ಪಲ್ಲ. ಅವರಿಗೆ ಬೇರೆ ಜಾಗ ಇಲ್ಲ. ಎತ್ತರದ ಜಾಗ ಹುಡುಕಿ ಕೊಡೋದು, ಅಲ್ಲಿ ನೀರು, ದಾರಿ, ಶಾಲೆ ಮಾಡಿ ಕೊಡೋದು ಸರ್ಕಾರದ ಕೆಲಸ. ಕೇದಾರದಲ್ಲಿ ದಾರಿಯನ್ನೇ ಎದುರು ದಂಡೆಗೆ ಸಾಗಿಸೋಕೆ ಆಗುತ್ತೆ ಅಂದ್ರೆ, ವರದಾ ದಂಡೆಯ ನಾಲ್ಕು ಓಣಿಯನ್ನು ಎತ್ತರಕ್ಕೆ ಸಾಗಿಸೋಕೆ ಆಗಲ್ವಾ?

ಯಾತ್ರೆಗೆ ಹೋಗೋರಿಗೂ ಒಂದು ಮಾತು. ಹೋಗಿ, ಖಂಡಿತ ಹೋಗಿ. ಆದರೆ ನೋಂದಣಿ ಮಾಡಿಸಿಯೇ ಹೋಗಿ. ನೀವು ಎಲ್ಲಿದ್ದೀರಿ ಅನ್ನೋದು ಕಷ್ಟಕಾಲದಲ್ಲಿ ಗೊತ್ತಾಗೋದು ಆ ಚೀಟಿಯಿಂದಲೇ. 2013ರಲ್ಲಿ ಎಷ್ಟು ಜನ ಮೇಲೆ ಇದ್ದರು ಅನ್ನೋ ಸರಿಯಾದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಮಳೆ ಮುನ್ಸೂಚನೆ ಇದ್ದಾಗ, "ಇಷ್ಟು ದೂರ ಬಂದೀವಿ, ದರ್ಶನ ಮುಗಿಸೇ ಹೋಗೋಣು" ಅಂತ ಹಟ ಮಾಡಬೇಡಿ. ಶಿವ ಎಲ್ಲಿಗೂ ಹೋಗಲ್ಲ. ಮುಂದಿನ ವರ್ಷವೂ ಅಲ್ಲೇ ಇರ್ತಾನೆ. ನೀವು ಇರಬೇಕು.

ಆ ಹಿರಿಯರ ಅಣ್ಣ, ಅತ್ತಿಗೆ ಏನಾದರು ಅಂತ ಕೇಳ್ತೀರಿ. ಬಂದರು. ಕರೆ ಮಾಡಿದ ಮೇಲೆ ಮತ್ತೆ ನಾಲ್ಕು ದಿನಕ್ಕೆ ಮನೆ ಮುಟ್ಟಿದರು. ಆ ಹಿರಿಯರೇ ಮತ್ತೆ ಫೋನ್ ಮಾಡಿ ಹೇಳಿದರು. ಈ ಸಲ ಕಾರ್ಯಕ್ರಮಕ್ಕಲ್ಲ, ನನಗೇ. ಅಣ್ಣ, ಅತ್ತಿಗೆ ಕೇದಾರದ ಗುಡಿ ತನಕ ಹೋಗೇ ಇರಲಿಲ್ಲವಂತೆ, ಕೆಳಗೇ ಸಿಕ್ಕಿಬಿದ್ದಿದ್ದರಂತೆ. ಬೆಟ್ಟದ ಒಂದು ಹಳ್ಳಿಯವರು ತಮ್ಮ ಮನೆಯಲ್ಲಿ ಇಟ್ಟುಕೊಂಡು, ಇದ್ದ ಹಿಟ್ಟಿನಲ್ಲಿ ರೊಟ್ಟಿ ಮಾಡಿ ಹಾಕಿದ್ದರಂತೆ. ಅತ್ತಿಗೆಗೆ ಜ್ವರ ಬಂದಾಗ ಯಾರೋ ಮಾತ್ರೆ ತಂದು ಕೊಟ್ಟರಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳೀತಿರಲಿಲ್ಲ. "ಕೇದಾರ ನೋಡಲಿಲ್ಲ ಅಂತ ನಮ್ಮಣ್ಣಗ ಬ್ಯಾಸರ ಐತೇನ್ರಿ ಅಂದ್ರ, ಇಲ್ಲ. ನೋಡೇನಿ ಅಂತಾನ" ಅಂದರು.

ಅನ್ನ, ಔಷಧ, ಅಭಯ. ಕೋಡಿಯಮಠದ ಕಲ್ಲಿನ ಮೇಲೆ ಇದ್ದದ್ದು ಆ ಬೆಟ್ಟದ ಹಳ್ಳಿಯವರ ಮನೆಯಲ್ಲಿತ್ತು. ಕೇದಾರವನ್ನು ಮತ್ತೆ ಕಟ್ಟೋದು ಅಂದ್ರೆ ಅದನ್ನು ಕಟ್ಟೋದು. ಮುಂದಿನ ಸಲ ಯಾವುದೋ ಬೆಟ್ಟ ಕುಸಿದಾಗ, ದೇವರು ಮಾಡಲಿ ಕುಸಿಯದೇ ಇರಲಿ, ನಮ್ಮ ಕೆಂಪು ಪಟ್ಟಿಯಲ್ಲಿ ಗುಡಿ ನಿಂತ ಸುದ್ದಿಗಿಂತ ಮೊದಲು ಮಂದಿ ಎಲ್ಲಿದ್ದಾರೆ ಅನ್ನೋದು ಬರಬೇಕು. ಬರದಿದ್ದರೆ ನೀವು ಫೋನ್ ಮಾಡಿ ಕೇಳಿ. ಈ ಸಲ ನಾನು ವಿರಾಮ ತಗೊಳ್ಳಲ್ಲ.